ಕೌದಿಯ ಅಂಚು, ಅಪ್ಪನ ನಾಲ್ಕು ಬೆರಳು

ಮೊನ್ನೆ ಉದಗೀರದಿಂದ ಬಂದ ಅಣ್ಣನ ಮಗಳು ಚೀಲದಿಂದ, ಬಟ್ಟೆಯ ತುಂಡು ಜೋಡಿಸಿದ ಎರಡು ಪುಟ್ಟ ಕೌದಿ ತೆಗೆದು ನನ್ನ ಮುಂದೆ ಹಾಸಿದಳು. ಒಂದು, ಅವಳ ತೊಟ್ಟಿಲಿಗೆಂದು ನಾನು ಹೊಲಿದದ್ದು. ಇನ್ನೊಂದು, ತನ್ನ ತಮ್ಮನ ಕೂಸಿಗಾಗಿ ಅವಳು ಅರ್ಧ ಹೊಲಿದಿರುವುದು.

"ಅತ್ಯಾ, ನಿನ್ನ ಅಂಚು ನೆಲಕ್ಕ ಅಂಟ್ಕೊಂಡು ಕೂತದ. ನಂದ್ಯಾಕ ಹಿಂಗ ಕುಣೀಲತ್ತದ?"

ನನಗೆ ಎಷ್ಟು ಹಿಗ್ಗಾಯಿತೆಂದರೆ ಅವಳ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿಬಿಟ್ಟೆ.

ನಿಜ ಹೇಳುತ್ತೇನೆ, ನೀವು ಯಾರಿಗೂ ಹೇಳಬೇಡಿ. ನನ್ನ ಅಂಚೂ ಮೊದಲು ಕುಣಿದಿತ್ತು. ಉಮರ್ಗಾ ಪೇಟೆಯಲ್ಲಿ ನಮ್ಮಪ್ಪನದು ಅರಿವೆ ಅಂಗಡಿ. ಅಳೆದು ಮುಗಿದ ಮೇಲೂ ನಾಲ್ಕು ಬೆರಳು ಮುಂದೆ ಸರಿದು ಕತ್ತರಿ ಹಾಕುವುದು ಅವರ ಪದ್ಧತಿ. ಬರ ಬಿದ್ದು ಗಿರಾಕಿಯೇ ಅಪರೂಪವಾದ ವರ್ಷಗಳಲ್ಲೂ ಅದನ್ನು ಬಿಡಲಿಲ್ಲ. ಆ ಕೈ ನನಗೂ ಬಂದಿತ್ತು. ತೊಟ್ಟಿಲ ಕೌದಿಯ ನಾಲ್ಕೂ ಅಂಚುಪಟ್ಟಿಗೆ ನಾಲ್ಕು ನಾಲ್ಕು ಬೆರಳು ಉದಾರವಾಗಿ ಹೆಚ್ಚಿಗೆ ಬಿಟ್ಟು, ಅಷ್ಟನ್ನೂ ಅಂಚಿಗೆ ಒತ್ತಿ ಕೂರಿಸಿ ಹೊಲಿದಿದ್ದೆ. ದೊಡ್ಡ ಕೌದಿಯಾಗಿದ್ದರೆ ಹೇಗೋ ಅಡಗುತ್ತಿತ್ತು. ಎರಡು ಗೇಣಿನ ಕೌದಿಯಲ್ಲಿ ಎಲ್ಲಿ ಅಡಗೀತು? ಅಂಚೆಲ್ಲ ಸುಟ್ಟ ಹಪ್ಪಳ.

ಇನ್ನು ಮೂರು ದಿನಕ್ಕೆ ನಾಮಕರಣ. ನಿಲಂಗಾದಿಂದ ಅಣ್ಣನ ಹೆಂಡತಿ ವೈನಿಯ ತವರಿನವರು ಬರುವವರು. ಸೋದರತ್ತೆಯ ಕೌದಿಯನ್ನು ಹೆಂಗಸರು ತಿರುವಿ ತಿರುವಿ ನೋಡದೆ ತೊಟ್ಟಿಲಿಗೆ ಹಾಸುವುದಿಲ್ಲ. ಆ ಬರದಲ್ಲಿ ಕೂಸಿಗೆ ನಮ್ಮ ಮನೆಯ ಉಡುಗೊರೆ ಎಂದರೆ ಅದೊಂದೇ. ನೀರು ಚಿಮುಕಿಸಿ ಇಸ್ತ್ರಿ ಒತ್ತೋಣವೆಂದು ತಂಬಿಗೆ ಎತ್ತಿದೆ. ಅಜ್ಜಿ ಕೈ ಹಿಡಿದಳು.

"ಟ್ಯಾಂಕರ್ ಬಂದು ನಾಕು ದಿನ ಆಗ್ಯಾದ, ಕುಡಿಯೋ ನೀರು ಅರಿಬಿಗಿ ಹಾಕ್ತಿ? ಇದು ನೀರಿಗಿ ಬಗ್ಗೂದಲ್ಲ. ಕೌದಿ ಏನು ನಿಮ್ಮಪ್ಪನ ಗಿರಾಕಿ ಏನ? ಬಿಚ್ಚು!"

ಅಳುತ್ತಲೇ ಬಿಚ್ಚಿದೆ. ಅಜ್ಜಿ ಅಂಚಿನ ಮೇಲೆ ಅಳೆಯಲೇ ಇಲ್ಲ. ಅಂಚು ಜಗ್ಗಿದಷ್ಟೂ ಬರುತ್ತದಂತೆ. ಕೌದಿಯ ನಟ್ಟನಡುವೆ ಈ ಕಡೆಯಿಂದ ಆ ಕಡೆಗೆ ಒಂದು ದಾರ ಹಾಸಿ, ಅಷ್ಟೇ ಉದ್ದಕ್ಕೆ ಎದುರುಬದುರಿನ ಎರಡು ಪಟ್ಟಿ ಕತ್ತರಿಸಿದಳು. ಪಟ್ಟಿಯ ನಡುವನ್ನು ಅಂಚಿನ ನಡುವಿಗೆ ಕೂಡಿಸಿ, ಜಾಲಿಮುಳ್ಳು ಚುಚ್ಚಿ, ನನ್ನ ಕೈಗೆ ಸೂಜಿ ಕೊಟ್ಟಳು. ಅವೆರಡು ಕೂತ ಮೇಲೆ ಇನ್ನೊಂದು ಕಡೆಗೆ ಮತ್ತೆ ನಡುವಿನಿಂದ ದಾರ. ಕೊನೆಗೆ ಕೆಳಗೆ ಹಳೆಯ ಧೋತರದ ಪದರ ಕೊಟ್ಟು, ಅಂಚಿನಿಂದ ಒಳಗೆ ಸುತ್ತು ಸುತ್ತಾಗಿ ಹೊಲಿಯುತ್ತ ನಡುವಿನ ಹೊಟ್ಟೆಗೆ ಬಂದೆ. ಕೌದಿ ಹಸಿದಿರಬಾರದೆಂದು ಹೊಟ್ಟೆ ಮುಚ್ಚುವ ಮುಂಚೆ ರೊಟ್ಟಿಯ ಚೂರು ಇಡುವುದು ನಮ್ಮ ರೂಢಿ. ಅಜ್ಜಿ ಅದರ ಜೊತೆ, ಪಟ್ಟಿಯಿಂದ ಕತ್ತರಿಸಿ ತೆಗೆದ ಆ ನಾಲ್ಕು ನಾಲ್ಕು ಬೆರಳಿನ ತುಂಡುಗಳನ್ನೂ ಮಡಚಿ ಇಟ್ಟಳು.

ನಾಮಕರಣದ ದಿನ ವೈನಿಯ ತಾಯಿ ಕೌದಿಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿನ ಮೇಲೆ ಅಂಗೈ ಆಡಿಸಿದರು.

"ಎಷ್ಟು ಸಪಾಟ ಕೂತದರೀ! ಯಾರು ಹೊಲ್ದಾರ?"

"ನನ್ನ ಮಗಳು," ಎಂದರು ಬಾಗಿಲಲ್ಲಿದ್ದ ಅಪ್ಪ, ಕೇಳದಿದ್ದವರಿಗೂ ಕೇಳುವ ಹಾಗೆ.

ಆ ಮಾತಿನ ಮೇಲೆ ನಾನು ಇಷ್ಟು ವರ್ಷ ಜಂಬ ಕೊಚ್ಚಿದ್ದೇನೆ. ಈಗ ನಾನು ತೋರಿಸಿದಂತೆ ಅಣ್ಣನ ಮಗಳೂ ಅಂಚು ಬಿಚ್ಚಿ ದಾರ ಹಾಸಿದಳು, ಕತ್ತರಿಸಿದಳು. ಅವಳ ಅಂಚು ತೆಪ್ಪಗೆ ಕೂತಿತು.

"ಅತ್ಯಾ, ಈ ಚೂರು ಒಗೀಲೇನು?"

ನಾನು ಅವಳ ಕೈ ಹಿಡಿದು ಹಳೆಯ ಕೌದಿಯ ನಡುವೆ ಇಟ್ಟೆ. ಬೆರಳಿಗೆ ಸಣ್ಣ ಉಬ್ಬು ಸಿಕ್ಕಿತು. ಸಪಾಟಾದ ಅಂಚಿಗಿಂತ ಆ ಉಬ್ಬಿನ ಮೇಲೇ ನನಗೆ ಹೆಮ್ಮೆಯೆಂದು ಆಗ ಗೊತ್ತಾಯಿತು.

"ನಿಮ್ಮಜ್ಜನ ನಾಕು ಬೆರಳು ಅದು," ಎಂದೆ. "ಬರದಾಗ ಭೀ ಕಮ್ಮಿ ಅಳೀಲಿಲ್ಲ."

ಅವಳು ತನ್ನ ಚೂರುಗಳನ್ನು ಒಂದೊಂದಾಗಿ ಮಡಚತೊಡಗಿದಳು.