ಟೀಚರನ್ನು ಮನೆಗೆ ಒಪ್ಪಿಸಲು ಹೋದದ್ದು

ನಮ್ಮ ಶಾಲೆಯಲ್ಲಿ ನಿವೃತ್ತರಾದವರನ್ನು ಶಾಲು ಹೊದಿಸಿ ಗೇಟಿನಲ್ಲೇ ಬಿಟ್ಟುಬಿಡುವುದಿಲ್ಲ. ಮನೆಯವರೆಗೆ ಕರೆದುಕೊಂಡು ಹೋಗಿ, ಬಾಗಿಲಲ್ಲಿ ನಿಂತವರ ಕೈಗೆ ಅವರ ಕೈಯಿಟ್ಟು, 'ಇಷ್ಟು ದಿನ ನಮ್ಮವರಾಗಿದ್ದರು, ಇನ್ನು ನಿಮ್ಮವರು' ಎಂದು ಹೇಳಿ, ಕಾಫಿ ಕುಡಿದು ಬರುತ್ತೇವೆ. ಹಿಂದೂಪುರದ ಕ್ರಿಶ್ಚಿಯನ್ ಶಾಲೆಯಾದರೂ ಈ ಪದ್ಧತಿ ಬೈಬಲ್ಲಿನಿಂದ ಬಂದದ್ದಲ್ಲ. ಮದುವೆಮನೆಯ ಹೆಣ್ಣೊಪ್ಪಿಸುವ ಶಾಸ್ತ್ರವನ್ನೇ ಯಾರೋ ಹಳಬರು ಸ್ಟಾಫ್ ರೂಮಿಗೆ ತಂದಿದ್ದಾರೆ. ಲೇಪಾಕ್ಷಿಯಿಂದ ದಿನಾ ಬಸ್ಸಿನಲ್ಲಿ ಬಂದು ನಾನು ಸೋಷಿಯಲ್ ಪಾಠ ಮಾಡುತ್ತಿರುವ ಇಪ್ಪತ್ತಾರು ವರ್ಷಗಳಲ್ಲಿ ಅದು ಒಮ್ಮೆಯೂ ತಪ್ಪಿರಲಿಲ್ಲ.

ಈ ಏಪ್ರಿಲ್‌ನಲ್ಲಿ ಒಂದೇ ದಿನ ಇಬ್ಬರು ನಿವೃತ್ತರಾದರು. ಒಬ್ಬರು ಲೆಕ್ಕದ ಮೇಷ್ಟ್ರು. ಅವರ ಮನೆ ಊರಲ್ಲೇ, ಹುಣಸೆಹಣ್ಣಿನ ಮಂಡಿಗಳ ಹಿಂದಿನ ಬೀದಿಯಲ್ಲಿ. ಇನ್ನೊಬ್ಬರು ತೆಲುಗು ಟೀಚರ್, ಕಲ್ಯಾಣದುರ್ಗದವರು. ಇಪ್ಪತ್ಮೂರನೇ ವಯಸ್ಸಿಗೆ ಟ್ರಂಕು ಹಿಡಿದು ಬಂದು ಹಾಸ್ಟೆಲಿನ ಮೂಲೆಯ ರೂಮು ಸೇರಿದವರು ಅಲ್ಲೇ ಉಳಿದರು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ 'ಪುರುಸೊತ್ತಾಗಲಿಲ್ಲ' ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ ವರ್ಷ ಹತ್ತನೇ ಕ್ಲಾಸಿನ ಹುಡುಗರ ಗಲಾಟೆ ತಾಳಲಾರದೆ ನಾನು ಅತ್ತುಕೊಂಡು ಹೊರಗೆ ಬಂದಾಗ, ರಟ್ಟೆ ಹಿಡಿದು ಮತ್ತೆ ಒಳಕ್ಕೆ ತಳ್ಳಿದವರು ಅವರೇ. ಅವರ ಸುದ್ದಿಗೆ ಯಾರಾದರೂ ಬಂದರೆ ನನಗೆ ಮೂಗಿನ ತುದಿಯಲ್ಲೇ ಕೋಪ.

ಹಾಗೆ ಬಂದವರು ನಮ್ಮ ಕರೆಸ್ಪಾಂಡೆಂಟ್, ಅಂದರೆ ಆಡಳಿತ ನೋಡಿಕೊಳ್ಳುವವರು. ಶಾಲೆಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನುವ ಹಾಗೆ ಎಲ್ಲದಕ್ಕೂ ಹೊಸ ನಿಯಮ ಮಾಡುತ್ತಿದ್ದರು. ಬೀಳ್ಕೊಡುಗೆಗೆ ಎರಡು ದಿನ ಮೊದಲು ಸ್ಟಾಫ್ ಮೀಟಿಂಗಿನಲ್ಲಿ, ಮೇಷ್ಟ್ರನ್ನು ಕಾರಿನಲ್ಲಿ ಮನೆಗೆ ಬಿಡುವುದು, ಟೀಚರನ್ನು ಬಸ್ ಸ್ಟ್ಯಾಂಡಿಗೆ ಬಿಡುವುದು ಎಂದು ಹೇಳಿಬಿಟ್ಟರು. ಟೀಚರ್ ಆಗ ಹಾಸ್ಟೆಲಿನಲ್ಲಿದ್ದರು. ಕಲ್ಯಾಣದುರ್ಗಕ್ಕೆ ಶಾಲೆಯ ವ್ಯಾನು ಕೊಡಿ ಎಂದು ನಾನು ಕೇಳಿದೆ.

"ಆಮೆಕಿ ಅಕ್ಕಡ ಎವರುನ್ನಾರಮ್ಮಾ?" ಎಂದರು. ಅಲ್ಲಿ ಅವರಿಗೆ ಯಾರಿದ್ದಾರೆ, ಯಾರ ಕೈಗೆ ಒಪ್ಪಿಸುತ್ತೀರಿ ಎಂದು ನಕ್ಕರು.

ಮೈಯೆಲ್ಲ ಉರಿದುಹೋಯಿತು. "ಬಾಗಿಲಲ್ಲಿ ಗಂಡ ನಿಂತಿದ್ರೆ ಮಾತ್ರ ಅದು ಮನೇನಾ ಸಾರ್? ನಿಮ್ಮ ವ್ಯಾನು ನೀವೇ ಇಟ್ಕಳಿ. ನಾವು ಅವ್ರನ್ನ ಮನೆಗೆ ಬಿಟ್ಟೇ ಬತ್ತೀವಿ" ಎಂದೆ. ಅವರು ರಿಜಿಸ್ಟರ್ ಮುಚ್ಚಿ ಎದ್ದುಹೋದರು. ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಸ್ಟಾಫೆಲ್ಲ ಆಮೇಲೆ ನನ್ನ ಬೆನ್ನು ತಟ್ಟಿದರು.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಯಾರ ಕೈಗೆ ಎಂಬ ಮಾತು ನನ್ನನ್ನು ಚುಚ್ಚುತ್ತಲೇ ಇತ್ತು. ಕಲ್ಯಾಣದುರ್ಗದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಟೀಚರ ತಮ್ಮನ ನಂಬರ್ ಹುಡುಕಿ ಫೋನ್ ಮಾಡಿದೆ. ಅವತ್ತು ಅಕ್ಕನ ಮನೆಬಾಗಿಲಲ್ಲಿ ನಿಂತು, ನಾವು ಒಪ್ಪಿಸಿದಾಗ ಕೈ ಹಿಡಿದುಕೊಳ್ಳಬೇಕೆಂದು ಹೇಳಿಕೊಟ್ಟೆ.

"ನಮ್ಮಕ್ಕ ಇದ್ಕೆಲ್ಲ ಒಪ್ಕಣಲ್ಲ ಕಣಮ್ಮ" ಎಂದರು ಅವರು.

"ನೀವು ಸುಮ್ನೆ ನಿಂತ್ಕಳಿ, ಸಾಕು" ಎಂದೆ.

ಆ ದಿನ ಬೆಳಿಗ್ಗೆ ಚಾಪೆಲ್ಲಿನಲ್ಲಿ ಪ್ರಾರ್ಥನೆಯಾಯಿತು, ಶಾಲು ಹಾರ ಭಾಷಣಗಳಾದವು. ಮೇಷ್ಟ್ರನ್ನು ಕಾರಿನಲ್ಲಿ ಮನೆಗೆ ಕರೆದೊಯ್ದು ಅವರ ಹೆಂಡತಿಯ ಕೈಗೆ ಒಪ್ಪಿಸಿದೆವು. ಆಮೇಲೆ ಹತ್ತು ಮಂದಿ ಹೆಂಗಸರು ಟೀಚರ ಜೊತೆ ಬಸ್ ಸ್ಟ್ಯಾಂಡಿಗೆ ಹೋಗಿ, ಅವರಿಗೆ ಕೈಬೀಸುವ ಬದಲು ನಾವೂ ಕಲ್ಯಾಣದುರ್ಗದ ಬಸ್ಸು ಹತ್ತಿದೆವು. ಹೆಂಗಸರಿಗೆ ಈಗ ಬಸ್ಸು ಫ್ರೀ. ಹನ್ನೊಂದು ಆಧಾರ್ ಕಾರ್ಡು ಒಟ್ಟಿಗೆ ಎದ್ದದ್ದು ಕಂಡು ಕಂಡಕ್ಟರು "ಪೆಂಡ್ಲಿಕಾ ಅಮ್ಮಾ?" ಎಂದ, ಮದುವೆಗೆ ಹೊರಟಿದ್ದೀರಾ ಎಂದು.

"ಕಾದು ನಾಯನಾ, ರಿಟೈರ್‌ಮೆಂಟ್‌ಕಿ" ಎಂದು ಅಲ್ಲವೆಂಬಂತೆ ತಲೆಯಾಡಿಸಿದರು ಟೀಚರ್.

ಬಸ್ಸು ಹೊರಡುವಷ್ಟರಲ್ಲಿ, ಈಗಷ್ಟೇ ಮನೆಗೆ ಒಪ್ಪಿಸಿ ಬಂದಿದ್ದ ಮೇಷ್ಟ್ರು ಕೊರಳಲ್ಲಿ ಹಾರ ಹಾಕಿಕೊಂಡೇ ಓಡಿಬಂದರು. "ನಾವಿಬ್ರೂ ಒಂದೇ ದಿವ್ಸ ಸೇರ್ದೋರು. ನನ್ನ ಕಾರಲ್ಲಿ ಬಿಟ್ಬುಟ್ಟು ಇವ್ರನ್ನ ಬಸ್ಸಿಗೆ ಹಾಕಿದ್ರೆ ನಾನು ಸುಮ್ನಿರ್ತೀನಾ? ಜರುಗ್ರಮ್ಮ" ಎಂದು ಮೆಟ್ಟಿಲ ಬಳಿಯ ಸೀಟಿನಲ್ಲಿ ಕೂತರು. ಟಿಕೆಟ್ ತೆಗೆದುಕೊಂಡವರು ನಮ್ಮಲ್ಲಿ ಅವರೊಬ್ಬರೇ. ಪೆನುಕೊಂಡ ದಾಟುವವರೆಗೂ ಎಲ್ಲರೂ ಹಳೆಯ ಹೆಡ್‌ಮಾಸ್ಟರುಗಳ ಕಥೆ ಹೇಳಿಕೊಂಡು ನಕ್ಕೆವು. ನಾನು ಮಾತ್ರ ನಡುನಡುವೆ ಒಪ್ಪಿಸುವ ಮಾತನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಕಲ್ಯಾಣದುರ್ಗದಲ್ಲಿ ಟೀಚರ ಮನೆ ಎರಡು ರೂಮಿನದು. ರಜೆ ಸಿಕ್ಕಾಗಲೆಲ್ಲ ಬಂದು, ಮೇಸ್ತ್ರಿಯ ತಲೆಯ ಮೇಲೆ ಕೂತು ಅವರೇ ಕಟ್ಟಿಸಿದ್ದು. ಬೀಗ ಹಾಕಿದ ಬಾಗಿಲ ಮುಂದೆ ಅವರ ತಮ್ಮ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನಿಂತಿದ್ದರು. ನಾನು ಟೀಚರ ಕೈ ಹಿಡಿದು ಮುಂದೆ ಕರೆತಂದು, ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. "ಇಷ್ಟು ದಿನ ನಮ್ಮವರಾಗಿದ್ದರು..."

ಟೀಚರ್ ಕೈ ಕಿತ್ತುಕೊಂಡರು. "ಇವನ್ಯಾಕೆ ಇಲ್ಲಿ ನಿಂತವ್ನೆ?"

ತಮ್ಮ ನನ್ನ ಕಡೆ ಕೈತೋರಿಸಿದರು. "ಈಯಮ್ಮ ಹೇಳಿದ್ರು. ಬ್ಯಾಡ ಅಂತ ನಾನು ಮೊದ್ಲೇ ಅಂದೆ ಕಣಕ್ಕ."

ಟೀಚರ್ ನನ್ನತ್ತ ತಿರುಗಿದರು. ಅಷ್ಟು ಜನರ ಮುಂದೆ, ಒಂದಿಷ್ಟೂ ದನಿ ತಗ್ಗಿಸದೆ ಕೇಳಿದರು. "ಮೀಟಿಂಗಲ್ಲಿ ಏನು ಮಾತಾಯ್ತು ಅಂತ ನಂಗೆ ಗೊತ್ತಿಲ್ಲ ಅನ್ಕಂಡಿದ್ಯಾ? ಬಸ್ ಸ್ಟ್ಯಾಂಡಲ್ಲಿ ಬಿಡಿ ಅಂದ ಆ ಸಾರ್‌ಗೂ ನಿಂಗೂ ಏನಮ್ಮ ವ್ಯತ್ಯಾಸ? ನನ್ನ ಇಸ್ಕಣಾಕೆ ಯಾರೂ ಇಲ್ಲ ಅಂತ ಅವ್ರು ಅಂದ್ರು. ನೀನೂ ಅದ್ನೇ ನಂಬ್ಕಂಡು ಒಬ್ಬನ್ನ ಹುಡುಕಿ ತಂದು ನಿಲ್ಲಿಸ್ದೆ. ನಾನೇನು ಸಾಮಾನಾ, ಒಬ್ರು ಕೊಟ್ಟು ಇನ್ನೊಬ್ರು ಇಸ್ಕಣಾಕೆ?"

ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮೇಷ್ಟ್ರು ತಮ್ಮ ಕೊರಳಿನ ಹಾರವನ್ನು ಮೆಲ್ಲಗೆ ತೆಗೆದು ಚೀಲಕ್ಕೆ ಹಾಕಿಕೊಂಡರು. ಟೀಚರ್ ತಮ್ಮನನ್ನು ಪಕ್ಕಕ್ಕೆ ಸರಿಸಿ ಬೀಗ ತೆಗೆದರು, ಒಳಗೆ ಹೋಗಿ ಕಿಟಕಿಗಳನ್ನೆಲ್ಲ ತೆರೆದರು. ಆಮೇಲೆ ಹೊಸಲಿನ ಒಳಗೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮನ್ನು ನೋಡಿದರು.

"ಇದು ನನ್ನ ಮನೆ. ನೀವು ನಂಟರು. ಬನ್ರಿ ಒಳಕ್ಕೆ, ಬಿಸ್ಲಲ್ಲಿ ಯಾಕೆ ನಿಂತಿದೀರ" ಎಂದರು. ತಮ್ಮನನ್ನು ಹಾಲು ತರಲು ಓಡಿಸಿದರು.

ಒಬ್ಬೊಬ್ಬರಾಗಿ ಒಳಗೆ ಹೋದೆವು. ನಾನು ಕೊನೆಗೆ ಹೋದೆ. ನಾಚಿಕೆಯಾಗಿತ್ತು ನಿಜ, ಆದರೆ ಅದಕ್ಕಿಂತ ಹೆಚ್ಚು ಸಂತೋಷವಾಗಿತ್ತು. ಅಂದು ರಟ್ಟೆ ಹಿಡಿದು ತಳ್ಳಿದ ಹಾಗೆಯೇ ಇಂದೂ ಅವರು ಬೈದದ್ದಕ್ಕೇ ಆ ಸಂತೋಷ. ಚಾಪೆಯ ಮೇಲೆ ಕೂತು, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಾ ಮೊಬೈಲು ತೆಗೆದೆ. ಯಾರಿದ್ದಾರೆ ಎಂದು ಕೇಳಿದ್ದ ಕರೆಸ್ಪಾಂಡೆಂಟರಿಗೆ ಎರಡು ಸಾಲು ಬರೆದು ಕಳಿಸಿದೆ.

'ಟೀಚರ ಮನೆಗೆ ಬಂದಿದ್ದೇವೆ ಸಾರ್. ಇಲ್ಲಿ ಅವರೇ ಇದ್ದಾರೆ.'