ಎರಡು ಬೆರಳು

ಬೀಗ ರಿಪೇರಿಯವನ ಸಿಟ್ಟು ಬೀದಿಗೆಲ್ಲ ಗೊತ್ತಿತ್ತು. ಬೀಗವೊಂದನ್ನು ಬಿಟ್ಟು ಮಿಕ್ಕ ಯಾವುದರ ಮೇಲಾದರೂ ಅವನು ರೇಗುತ್ತಿದ್ದ. ತುಕ್ಕು ಹಿಡಿದು ಕಚ್ಚಿಕೊಂಡ ಬೀಗ ಬಂದರೆ ಅದರ ಬಾಯಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಪಕ್ಕಕ್ಕಿಟ್ಟು, ಬೇರೆ ಕೆಲಸ ನೋಡುತ್ತಿದ್ದ. ಗಿರಾಕಿ ಅವಸರಪಡಿಸಿದರೆ, "ಒಡಿಯೋದಾದ್ರೆ ನೀವೇ ಒಡ್ಕೊಳ್ಳಿ, ಮನೇಲಿ ಕಲ್ಲಿರಬೇಕಲ್ಲ" ಎಂದು ಗದರುತ್ತಿದ್ದ.

ಆ ಮನುಷ್ಯನೇ ಈಗ ತನ್ನ ಮನೆಯ ಬಚ್ಚಲುಮನೆಯ ಮುಂದೆ ನಿಂತು ಪುಟ್ಟ ಮಗಳ ಮೇಲೆ ಕೂಗಾಡುತ್ತಿದ್ದ.

"ಕೂತ್ಕೋ ಅಂದ್ರೆ ಕೂತ್ಕೋಬೇಕು. ಏನು ಹಠ ನಿಂದು?"

ಮಗು ಗೋಡೆಗೊತ್ತಿಕೊಂಡು, ತೊಡೆ ಬಿಗಿಹಿಡಿದು, ತುದಿಗಾಲಲ್ಲಿ ನಿಂತಿತ್ತು. ಹಿಂದಿನ ಸಲ ಕಕ್ಕ ಗಟ್ಟಿಯಾಗಿ ಬಂದು ನೋಯಿಸಿದ್ದನ್ನು ಅದು ಮರೆತಿರಲಿಲ್ಲ. ಅಷ್ಟರಲ್ಲಿ ಅಜ್ಜಿ ಸೋಪಿನ ಚೂರು ಹಿಡಿದು ಬಂದಳು.

"ನಿಂಗೂ ಹೀಗೇ ಸೋಪು ಇಟ್ಟಿದ್ದು ಕಣೋ. ಏನಾಯ್ತು ನಿಂಗೆ? ಅವಳ ಕಾಲು ಹಿಡ್ಕೋ."

ಹೆಂಡತಿ ಆ ಚೂರನ್ನು ಕಿತ್ತುಕೊಂಡು ಬಕೆಟ್ಟಿಗೆ ಎಸೆದಳು. "ಅದು ಉರಿಯುತ್ತೆ ಅತ್ತೆ. ಆಮೇಲೆ ಮಗು ಈ ಕಡೆ ತಲೆ ಹಾಕಿಯೂ ಮಲಗಲ್ಲ." ಗಂಡನ ಕಡೆ ತಿರುಗಿ, "ಊರ ಬೀಗಕ್ಕೆಲ್ಲ ಎಣ್ಣೆ ಬಿಟ್ಟು ಕಾಯ್ತೀರಿ. ಮನೆ ಮಗೂಗೆ ಮಾತ್ರ ಸುತ್ತಿಗೆನಾ?" ಎಂದಳು.

ಅವನಿಗೆ ಇನ್ನಷ್ಟು ಸಿಟ್ಟು ಬಂತು. ಮಗುವನ್ನು ಎತ್ತಿಕೊಂಡು ಡಾಕ್ಟರಮ್ಮನ ಬಳಿಗೆ ನಡೆದ.

ಆಕೆ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದರು. "ಸೋಪು, ಎನಿಮಾ, ದೊಡ್ಡವರ ಜುಲಾಬು ಯಾವುದೂ ಬೇಡ. ನೀರು ಚೆನ್ನಾಗಿ ಕುಡೀಲಿ. ಪರಂಗಿ ಹಣ್ಣು, ತರಕಾರಿ, ಬೇಳೆ ಕೊಡಿ. ಬರೀ ಹಾಲಲ್ಲೇ ಹೊಟ್ಟೆ ತುಂಬಿಸಬೇಡಿ. ಊಟ ಆದ್ಮೇಲೆ ಸ್ವಲ್ಪ ಹೊತ್ತು ಕಮೋಡಿನ ಮೇಲೆ ಕೂರಿಸಿ, ಪಾದ ನೇತಾಡಬಾರದು, ಕೆಳಗೆ ಏನಾದ್ರೂ ಇಡಿ. ಈ ಸಿರಪ್ಪು ನಾನು ಹೇಳಿದಷ್ಟೇ. ಸರಿಹೋಯ್ತು ಅಂತ ನೀವಾಗೇ ನಿಲ್ಲಿಸಬೇಡಿ. ರಕ್ತ ಬಂದ್ರೆ, ವಾಂತಿ ಆದ್ರೆ, ಹೊಟ್ಟೆ ಉಬ್ಬಿದ್ರೆ ತಕ್ಷಣ ಕರ್ಕೊಂಡು ಬನ್ನಿ. ಮತ್ತೆ, ಬೈಬಾರದು." ಕೊನೆಯ ಮಾತನ್ನು ಅವನ ಮುಖ ನೋಡಿಯೇ ಹೇಳಿದರು. "ಶಾಲೇಲಿ ಕಕ್ಕಕ್ಕೆ ಹೋಗ್ತೀಯಾ ಪುಟ್ಟಿ?"

ಮಗು ಎರಡು ಬೆರಳು ಎತ್ತಿ, ತಕ್ಷಣ ಇನ್ನೊಂದು ಕೈಯಿಂದ ಮುಚ್ಚಿಕೊಂಡಿತು. "ಮಿಸ್ಸು ಒಂದಕ್ಕೆ ಮಾತ್ರ ಬಿಡ್ತಾರೆ. ಎರಡು ತೋರಿಸಿದ್ರೆ ಎಲ್ಲರೂ ನಗ್ತಾರೆ."

ಬೆಳಗಾದದ್ದೇ ತಡ, ಅವನು ಮಗಳೊಡನೆ ಶಾಲೆಯ ಬಾಗಿಲಲ್ಲಿದ್ದ.

"ಎರಡನ್ನ ಮನೇಲೇ ಮುಗಿಸಿ ಕಳಿಸಿ ಅಂತ ಮೊದಲೇ ಹೇಳಿದೀವಲ್ಲ," ಎಂದರು ಮಿಸ್ಸು. "ತೊಳಿಯೋಕೆ ಇರೋದು ಒಬ್ಬಳೇ ಆಯಾ."

"ಮಗು ಹೊಟ್ಟೆ ನಿಮ್ಮ ಬೆಲ್ಲು ಕೇಳಿ ನಡಿಯುತ್ತಾ ಮೇಡಂ?" ಅವನ ಧ್ವನಿ ಓಣಿಯ ತುದಿಗೆ ಮುಟ್ಟಿತು. ಮುಂದಿನ ಮಾತೂ ನಾಲಿಗೆಯ ತುದಿಯಲ್ಲಿತ್ತು. ಆಗ ಕೈಯೊಳಗಿನ ಪುಟ್ಟ ಕೈ ಬಿಗಿಯಿತು. ಮಗಳು ತೊಡೆ ಬಿಗಿಹಿಡಿದು ತುದಿಗಾಲಲ್ಲಿ ನಿಂತಿದ್ದಳು, ಬಚ್ಚಲುಮನೆಯಲ್ಲಿ ನಿಂತಿದ್ದಂತೆಯೇ.

ಅವನು ಸಿಟ್ಟನ್ನು ಕಹಿ ಮದ್ದಿನಂತೆ ನುಂಗಿದ. "ಇವಳು ಎರಡು ಬೆರಳು ಎತ್ತಿದಾಗ ಬಿಡಬೇಕು," ಎಂದ, ತಗ್ಗಿದ ದನಿಯಲ್ಲಿ. "ಆಗಲ್ಲ ಅಂದ್ರೆ ಹೇಳಿ, ಅಂಗಡಿ ಮುಚ್ಚಿ ಇಲ್ಲೇ ಬಂದು ಕೂರ್ತೀನಿ. ನಾನೇ ತೊಳೀತೀನಿ."

ಮಿಸ್ಸು ಅವನನ್ನೂ ಮಗುವನ್ನೂ ನೋಡಿ, "ಬಿಡ್ತೀನಿ" ಎಂದರು. ಮನಸ್ಸಿಲ್ಲದೆಯೇ ಎಂದರು.

ಸಿರಪ್ಪು, ಪರಂಗಿ ಹಣ್ಣು ನಡೆದವು. ಒಂದು ಸಂಜೆ ಊಟವಾದ ಮೇಲೆ ಮಗಳು ಕಮೋಡಿನ ಮೇಲೆ, ಅಪ್ಪನ ಹತಾರದ ಪೆಟ್ಟಿಗೆಯ ಮೇಲೆ ಪಾದವೂರಿ ಕುಳಿತಳು. ಅವನು ಬಾಗಿಲಾಚೆ ಕುಳಿತು ಬೀಗದ ಕೈಯೊಂದಕ್ಕೆ ಅರ ಉಜ್ಜುತ್ತಿದ್ದ. ಮಿಸ್ಸಿನ ಮೇಲೆ, ಅಮ್ಮನ ಸೋಪಿನ ಮೇಲೆ, ಎಲ್ಲಕ್ಕಿಂತ ತನ್ನ ಬಾಯಿಯ ಮೇಲೆ ಅವನಿಗೆ ಇನ್ನೂ ಸಿಟ್ಟಿತ್ತು.

"ಆಯ್ತೇನೋ?" ಅಜ್ಜಿ ಒಳಗಿನಿಂದ ಕೂಗಿದಳು.

"ಅಮ್ಮಾ, ಸುಮ್ನಿರು."

ಬಚ್ಚಲುಮನೆಯಿಂದ ಸಣ್ಣ ದನಿ ಬಂತು. "ಅಪ್ಪ, ಸಿಟ್ಟಾ?"

"ಹೂಂ. ನಿನ್ ಮೇಲಲ್ಲ."

ಅವನು ಮತ್ತೆ ಅರ ಉಜ್ಜತೊಡಗಿದ. ಆಮೇಲೆ ನೀರಿಗೆ ಏನೋ ಬಿದ್ದ ಸದ್ದಾಯಿತು.

"ಹಾಗಾದ್ರೆ ಬಾ," ಎಂದಳು ಮಗಳು. "ತೊಳಿ."