ತಕ್ಕಡಿ ಅಕ್ಕನ ಅಂಕಿಗಳು

ಜಯದೇವಮ್ಮನವರನ್ನು ನಾನು ಮೊದಲು ನೋಡಿದ್ದು ೧೯೭೩ರ ಜೂನ್‌ನಲ್ಲಿ, ರಾಜಾಜಿನಗರದ ನಮ್ಮ ಆಫೀಸಿನ ಮೆಟ್ಟಿಲ ಮೇಲೆ. ಆಫೀಸು ಅಂದರೆ ಒಂದು ಮನೆಯ ಮಹಡಿ. ಕೆಳಗೆ ಮನೆಯ ಯಜಮಾನರು, ಮೇಲೆ ನಾವು. ಬಾಗಿಲ ಪಕ್ಕದಲ್ಲಿ 'ಶಿಶು ಬೆಳವಣಿಗೆ ಅಧ್ಯಯನ ಕೇಂದ್ರ' ಎಂಬ ಹಲಗೆ. ಸಂಖ್ಯಾಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದ ನಾನು ಅಲ್ಲಿ ಅಂಕಿ ಕೂಡುವ, ಕಳೆಯುವ, ಪಟ್ಟಿ ಮಾಡುವ ಕೆಲಸಕ್ಕೆ ಸೇರಿ ಹದಿನೈದು ದಿನವಾಗಿತ್ತು. ಆಕೆ ಕೆಲಸ ಕೇಳಿಕೊಂಡು ಬಂದಿದ್ದರು. ಮೂವತ್ತಮೂರು ಮೂವತ್ತನಾಲ್ಕರ ವಯಸ್ಸು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಗಣಿತದಲ್ಲಿ ನೂರಕ್ಕೆ ತೊಂಬತ್ತೆರಡು. ಅದನ್ನು ಮಡಿಸಿ ಮಡಿಸಿ ಮಡಿಕೆಯ ಜಾಗವೆಲ್ಲ ಹರಿದಿತ್ತು.

ಹರಿಹರದ ಹುಡುಗಿ. ಪರೀಕ್ಷೆ ಪಾಸಾದ ವರ್ಷವೇ ಮದುವೆಯಾಗಿ ಬೆಂಗಳೂರಿಗೆ ಬಂದವರು. ಗಂಡ ಪಂಚಾಕ್ಷರಿ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ವಿಜಯನಗರದಲ್ಲಿ ಬಾಡಿಗೆ ಮನೆ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಮುಂದೆ ಓದಬೇಕೆಂಬ ಆಸೆ ಇತ್ತೇ ಎಂದು ಡಾಕ್ಟರ್ ಸತ್ಯವತಿ ಕೇಳಿದಾಗ, ಇತ್ತು, ಈಗಲೂ ಇದೆ ಎಂದಷ್ಟೇ ಹೇಳಿದರಂತೆ.

ಕೇಂದ್ರವನ್ನು ನಡೆಸುತ್ತಿದ್ದ ಸತ್ಯವತಿಯವರು ಮಕ್ಕಳ ಡಾಕ್ಟರು. ಆಸ್ಪತ್ರೆಗೆ ಬರುವ ಮಕ್ಕಳನ್ನು ನೋಡಿ ನೋಡಿ ಅವರ ತಲೆಯಲ್ಲಿ ಒಂದು ಪ್ರಶ್ನೆ ಕೂತಿತ್ತು. ಭೇದಿಯಾದ ಮಗುವಿನ ತೂಕ ಇಳಿಯುತ್ತದೆ, ವಾಸಿಯಾದರೆ ಮತ್ತೆ ಏರುತ್ತದೆ. ಆದರೆ ಏರುವುದಕ್ಕೆ ಮುಂಚೆಯೇ ಇನ್ನೊಂದು ಸಲ ಭೇದಿಯಾದರೆ? ಇದಕ್ಕೆ ಉತ್ತರ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ಮನೆಮನೆಗೆ ಹೋಗಿ ವರ್ಷಗಟ್ಟಲೆ ನೋಡಬೇಕು. ಹಾಗಾಗಿ ಮೂರು ಕಡೆ ಆರಿಸಿದ್ದರು. ಕೆಂಗೇರಿ, ಬಸವೇಶ್ವರನಗರದ ಅಂಚಿನ ಒಂದು ಹಳ್ಳಿ, ಮತ್ತು ಮೂಡಲಪಾಳ್ಯ. ಒಂದೊಂದು ಕಡೆ ನೂರಹತ್ತರಷ್ಟು ಮಕ್ಕಳು, ಒಬ್ಬೊಬ್ಬ ಕ್ಷೇತ್ರ ಸಹಾಯಕ. ತಿಂಗಳಿಗೊಮ್ಮೆ ಮಗುವನ್ನು ತೂಗಬೇಕು, ವಾರಕ್ಕೊಮ್ಮೆ ಭೇದಿಯಾಯಿತೇ ಎಂದು ತಾಯಿಯನ್ನು ಕೇಳಿ ಫಾರಂ ತುಂಬಬೇಕು. ಇಬ್ಬರು ಗಂಡಸರು ಆಗಲೇ ಸೇರಿದ್ದರು. ಮೂಡಲಪಾಳ್ಯ ಜಯದೇವಮ್ಮನವರ ಪಾಲಿಗೆ ಬಂತು.

ಮೂಡಲಪಾಳ್ಯ ಆಗ ಇನ್ನೂ ಹಳ್ಳಿಯೇ. ರಾಗಿ ಹೊಲ, ಸೇದುವ ಬಾವಿ, ಹೆಂಚಿನ ಮನೆಗಳು. ಆಕೆ ವಿಜಯನಗರದಿಂದ ನಡೆದೇ ಹೋಗುತ್ತಿದ್ದರು. ಹೆಗಲಿಗೆ ಒಂದು ಖಾಕಿ ಚೀಲ. ಅದರಲ್ಲಿ ಸ್ಪ್ರಿಂಗ್ ತಕ್ಕಡಿ, ಮಗುವನ್ನು ಕೂರಿಸುವ ಬಟ್ಟೆಯ ಜೋಳಿಗೆ, ಫಾರಂಗಳು. ಇದರ ಜೊತೆಗೆ ಯಾರೂ ಹೇಳದಿದ್ದ ಇನ್ನೊಂದು ವಸ್ತು: ಸರ್ಕಾರಿ ಮುದ್ರೆಯ ಎರಡು ಕಿಲೋ ಕಬ್ಬಿಣದ ಬಟ್ಟು. ದಿನಾ ಬೆಳಿಗ್ಗೆ ಮೊದಲ ಮನೆಯ ಬಾಗಿಲಲ್ಲಿ ತಕ್ಕಡಿಗೆ ಆ ಬಟ್ಟು ತೂಗುಹಾಕಿ, ಮುಳ್ಳು ಎರಡರ ಮೇಲೆ ನಿಂತ ಮೇಲೆಯೇ ಮಕ್ಕಳನ್ನು ತೂಗುವುದು. ಸ್ಪ್ರಿಂಗ್ ಸೋಲುತ್ತದೆ ಎಂದು ಗಂಡ ಹೇಳಿದ್ದರಂತೆ. ಬಾಗಿಲ ಚೌಕಟ್ಟಿಗೆ ಸಿಗಿಸುವ ಕೊಕ್ಕೆಯನ್ನೂ ಅವರೇ ಮಾಡಿಕೊಟ್ಟಿದ್ದರು. ಊರಿನ ಹೆಂಗಸರು ಆಕೆಗೆ 'ತಕ್ಕಡಿ ಅಕ್ಕ' ಎಂದು ಹೆಸರಿಟ್ಟರು.

ಮೊದಲ ವರ್ಷ ಮುಗಿಯುವ ಹೊತ್ತಿಗೆ ತಕರಾರು ಶುರುವಾಯಿತು. ಕೆಂಗೇರಿಯಲ್ಲಿ ಒಂದು ಮಗುವಿಗೆ ವರ್ಷಕ್ಕೆ ಸರಾಸರಿ ಎರಡು ಸಲ ಭೇದಿ, ಬಸವೇಶ್ವರನಗರದ ಕಡೆಯಲ್ಲೂ ಎರಡು. ಮೂಡಲಪಾಳ್ಯದಲ್ಲಿ ಐದು. ಪಟ್ಟಿ ಮಾಡಿದವನು ನಾನೇ. ಎರಡು ಸಲ ಕೂಡಿದೆ, ಮೂರನೆಯ ಸಲ ಕೂಡಿದೆ, ಐದೇ ಬಂತು.

ನಮ್ಮ ಮೇಲ್ವಿಚಾರಕರು ವೆಂಕಟರಮಣಪ್ಪನವರು. ಶಿಸ್ತಿನ ಮನುಷ್ಯ, ಸರ್ಕಾರಿ ಆರೋಗ್ಯ ಇಲಾಖೆಯಿಂದ ನಿವೃತ್ತರಾಗಿ ಬಂದವರು. ತಿಂಗಳ ಸಭೆಯಲ್ಲಿ ಎಲ್ಲರ ಮುಂದೆ ಪಟ್ಟಿಯನ್ನು ಮೇಜಿನ ಮೇಲಿಟ್ಟು ಕೇಳಿದರು.

"ಏನಮ್ಮಾ, ಬೆಂಗಳೂರಿನ ಭೇದಿಯೆಲ್ಲಾ ನಿಮ್ಮ ಮೂಡಲಪಾಳ್ಯಕ್ಕೇ ಬಂದು ಕೂತಿದ್ಯಾ?"

ಇಬ್ಬರು ಸಹಾಯಕರೂ ನಕ್ಕರು. ನಾನೂ ನಕ್ಕೆ, ಇದನ್ನು ಬರೆಯದೆ ಬಿಡಲಾರೆ. ಜಯದೇವಮ್ಮ ಎದ್ದು ನಿಂತರು.

"ಕಂಡಿದ್ದು ಬರ್ದೀನ್ರಿ ಸಾರ್. ಕಾಣದೇ ಇದ್ದದ್ದು ಬರೆಯಾಕೆ ನಂಗೆ ಬರಲ್ಲ."

ಅಷ್ಟೇ ಹೇಳಿ ಕೂತರು. ಸಭೆ ಮುಗಿದ ಮೇಲೆ ಸತ್ಯವತಿಯವರು ನನ್ನನ್ನು ಕರೆದು, ಮೂಡಲಪಾಳ್ಯದ ಫಾರಂಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಲು ಹೇಳಿದರು. ಕೂತಲ್ಲೇ ತುಂಬಿದ ಫಾರಂ ಇದ್ದರೆ ಗೊತ್ತಾಗಬೇಕು, ಇಲ್ಲದಿದ್ದರೆ ಆ ಹೆಣ್ಣುಮಗಳ ಮೇಲೆ ಅನುಮಾನ ಉಳಿಯಬಾರದು ಎಂದರು.

ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಒಂದು ಮಾತು ಹೇಳಿದ್ದರು. ಮನುಷ್ಯ ಅಂದಾಜಿನಲ್ಲಿ ಅಂಕಿ ಬರೆಯುವಾಗ ಅವನ ಕೈ ತಾನಾಗಿ ಸೊನ್ನೆಯ ಕಡೆಗೋ ಐದರ ಕಡೆಗೋ ಹೋಗುತ್ತದೆ. ಏಳು ಕಿಲೋ ಎನ್ನುತ್ತಾನೆ, ಏಳೂವರೆ ಎನ್ನುತ್ತಾನೆ. ಏಳು ಕಿಲೋ ಮುನ್ನೂರು ಗ್ರಾಂ ಎಂದು ಬರೆಯಬೇಕಾದರೆ ಮುಳ್ಳನ್ನು ನೋಡಿರಬೇಕು. ನಿಜವಾಗಿ ತೂಗಿದ್ದರೆ ಬಿಂದುವಿನ ಮುಂದಿನ ಅಂಕಿ ಸೊನ್ನೆಯಿಂದ ಒಂಬತ್ತರವರೆಗೆ ಎಲ್ಲವೂ ಹೆಚ್ಚು ಕಡಿಮೆ ಸಮವಾಗಿ ಬರಬೇಕು.

ನಾನು ಕಿಟಕಿಯ ಪಕ್ಕ ಕೂತು ಮೂರು ದಿನ ಆ ಒಂದೇ ಅಂಕಿಯನ್ನು ಎಣಿಸಿದೆ. ಮೂಡಲಪಾಳ್ಯದ ಸಾವಿರದ ಇನ್ನೂರ ತೊಂಬತ್ತು ತೂಕಗಳು. ಸೊನ್ನೆ ನೂರಮೂವತ್ತೊಂದು, ಒಂದು ನೂರಇಪ್ಪತ್ತಾರು, ಎರಡು ನೂರಮೂವತ್ತೈದು. ಹೀಗೇ ಒಂಬತ್ತರವರೆಗೆ. ಯಾವ ಅಂಕಿಯೂ ಇನ್ನೊಂದನ್ನು ಹೆಚ್ಚೇನೂ ಮೀರಿಸಿರಲಿಲ್ಲ. ಗೀಟುಗಳ ಸಾಲು ನೋಡುತ್ತಾ ನನಗೆ ಸಭೆಯಲ್ಲಿ ನಕ್ಕದ್ದು ನೆನಪಾಗಿ ಮುಖ ಬಿಸಿಯಾಯಿತು. ಆಮೇಲೆ, ಯಾರೂ ಹೇಳದಿದ್ದರೂ, ಉಳಿದೆರಡು ಕಡೆಯ ಕಟ್ಟುಗಳನ್ನು ಬಿಚ್ಚಿದೆ. ಅಲ್ಲಿ ಸೊನ್ನೆ ಮತ್ತು ಐದು ಎರಡೇ ಸೇರಿ ಮುಕ್ಕಾಲು ಪಾಲು ಆಗುತ್ತಿತ್ತು.

ಪಟ್ಟಿ ತೆಗೆದುಕೊಂಡು ಹೋದೆ. ಸತ್ಯವತಿಯವರು ಅದನ್ನು ಸಾಲುಸಾಲಾಗಿ ನೋಡಿದರು. ತೂಕದ ಮಾತು ಸರಿ, ಆದರೆ ಭೇದಿ ಯಾಕೆ ಎರಡೂವರೆ ಪಟ್ಟು ಎಂಬುದು ಇದರಿಂದ ಗೊತ್ತಾಗುವುದಿಲ್ಲ, ನಾಳೆ ನಾವೇ ಹೋಗಿ ನೋಡೋಣ ಎಂದರು.

ಮರುದಿನ ಬೆಳಿಗ್ಗೆ ನಾವಿಬ್ಬರೂ ಮೂಡಲಪಾಳ್ಯಕ್ಕೆ ಹೋದೆವು. ಜಯದೇವಮ್ಮನಿಗೆ ಮುಂಚೆ ತಿಳಿಸಿರಲಿಲ್ಲ. ಆಕೆ ನರಸಮ್ಮ ಎಂಬ ತಾಯಿಯ ಮನೆ ಮುಂದೆ ಕೊಕ್ಕೆ ಸಿಗಿಸುತ್ತಿದ್ದರು. ನಮ್ಮನ್ನು ನೋಡಿ ನಮಸ್ಕಾರ ಮಾಡಿ ತಮ್ಮ ಕೆಲಸ ಮುಂದುವರಿಸಿದರು. ಡಾಕ್ಟರ್ ತಾವೇ ಜಗುಲಿಯ ಮೇಲೆ ಕೂತು ನರಸಮ್ಮನನ್ನು ಫಾರಂನಲ್ಲಿ ಇದ್ದ ಹಾಗೆಯೇ ಕೇಳಿದರು, ಈ ವಾರ ಮಗುವಿಗೆ ಭೇದಿ ಆಗಿತ್ತೇ ಎಂದು. ನರಸಮ್ಮ ಇಲ್ಲವೆಂದಳು. ಮಗು ಚೆನ್ನಾಗಿದೆ, ಯಾವ ಕಾಯಿಲೆಯೂ ಇಲ್ಲ.

ಜಯದೇವಮ್ಮ ತಕ್ಕಡಿಯ ಮುಳ್ಳು ನೋಡುತ್ತಲೇ ಸುಮ್ಮನೆ ಮಾತಿಗೆ ಎನ್ನುವ ಹಾಗೆ ಕೇಳಿದರು.

"ನಿನ್ನೆ ಮಗೂದು ಎಷ್ಟು ಬಟ್ಟೆ ಒಗ್ದೆ ನರಸಮ್ಮ?"

"ಅಯ್ಯೋ, ಅದ್ಯಾಕ್ ಕೇಳ್ತೀಯಕ್ಕಾ. ಏಳೋ ಎಂಟೋ. ಮೊನ್ನೆ ಇನ್ನೂ ಜಾಸ್ತಿ. ನೀರು ಸೇದಿ ಸೇದಿ ರಟ್ಟೆ ಬಿದ್ದೋಯ್ತು."

"ದಿನಾ ಎಷ್ಟು ಒಗೀತಿದ್ದೆ?"

"ಎರಡು, ಮೂರು."

ಸತ್ಯವತಿಯವರು ಬರೆಯುವುದನ್ನು ನಿಲ್ಲಿಸಿದರು. ಮಗುವಿಗೆ ಇದು ಭೇದಿಯಲ್ಲವೇ ಎಂದು ನರಸಮ್ಮನನ್ನೇ ಕೇಳಿದರು. ಅವಳು ನಕ್ಕುಬಿಟ್ಟಳು. ಇದು ಹಲ್ಲು ಬರುವಾಗ ಆಗುವುದು, ಎಲ್ಲ ಮಕ್ಕಳಿಗೂ ಆಗುತ್ತದೆ. ಭೇದಿ ಅಂದರೆ ಮಗು ಕಣ್ಣು ಮೇಲೆ ಮಾಡಿ ಮಲಗಿ ಆಸ್ಪತ್ರೆಗೆ ಎತ್ತಿಕೊಂಡು ಓಡುವುದು, ಅಂಥದ್ದು ತಮ್ಮ ಮನೆಗೆ ಬರದಿರಲಿ ಎಂದಳು.

ಅಂದು ನಾವು ಹದಿನಾಲ್ಕು ಮನೆ ನೋಡಿದೆವು. ಫಾರಂನ ಪ್ರಶ್ನೆಗೆ ಇಬ್ಬರು ತಾಯಂದಿರು ಹೌದೆಂದರು. ಬಟ್ಟೆಯ ಪ್ರಶ್ನೆಗೆ ಐದು ಮನೆಯಲ್ಲಿ ಭೇದಿ ಸಿಕ್ಕಿತು. ಯಾವ ತಾಯಿಯೂ ಸುಳ್ಳು ಹೇಳಿರಲಿಲ್ಲ. ನಮ್ಮ ಪ್ರಶ್ನೆಯಲ್ಲಿದ್ದ ಭೇದಿ ಒಂದು, ಅವರು ತಿಳಿದಿದ್ದ ಭೇದಿ ಇನ್ನೊಂದು.

ವಾಪಸು ಬರುವಾಗ ಹೊಂಗೆ ಮರದ ನೆರಳಿನಲ್ಲಿ ಡಾಕ್ಟರ್ ನಿಂತರು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಜಯದೇವಮ್ಮನನ್ನು ಕೇಳಿದರು. ಸಭೆಯಲ್ಲಿ ಅಂಕಿ ಜಾಸ್ತಿ ಯಾಕೆ ಎಂದು ಕೇಳಿದರೇ ಹೊರತು ಹೇಗೆ ಕೇಳಿದಿರಿ ಎಂದು ಯಾರೂ ಕೇಳಲಿಲ್ಲ ಎಂದರು ಆಕೆ. ದೂರುವ ದನಿಯಲ್ಲಿ ಅಲ್ಲ, ವಿಷಯ ತಿಳಿಸುವ ಹಾಗೆ. ಆಮೇಲೆ ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ಅದು ನಮ್ಮ ಆಫೀಸಿನದ್ದಲ್ಲ, ಮಗಳ ಹಳೆಯ ಶಾಲಾ ಪುಸ್ತಕದ ಉಳಿದ ಹಾಳೆಗಳು. ಫಾರಂನಲ್ಲಿ ಜಾಗವಿಲ್ಲದ್ದನ್ನೆಲ್ಲ ಅದರಲ್ಲಿ ಬರೆದಿದ್ದರು. ವಾರಕ್ಕೊಮ್ಮೆ ಹೋಗಿ ಎಂದರೆ ಆಕೆ ಒಂದೊಂದು ಮನೆಗೂ ಮೂರು ನಾಲ್ಕು ದಿನ ಬಿಟ್ಟು ಎರಡು ಸಲ ಹೋಗುತ್ತಿದ್ದರು. ತಾಯಂದಿರು ಮೊದಲ ಸಲ ಹೇಳಿದ್ದು ಎಷ್ಟು, ಅದೇ ದಿನಗಳ ಬಗ್ಗೆ ಎರಡನೆಯ ಸಲ ಹೇಳಿದ್ದು ಎಷ್ಟು ಎಂದು ಎದುರುಬದುರಾಗಿ ಕಾಲಂ ಹಾಕಿದ್ದರು.

ಸತ್ಯವತಿಯವರು ಪುಟ ತಿರುವುತ್ತಾ ಹೋದರು.

"ಜಯದೇವಮ್ಮ, ನಿಮ್ಮನ್ನ ಪರೀಕ್ಷೆ ಮಾಡೋಕೆ ಬಂದೆ. ಈಗ ನಾನೇ ನಿಮ್ಮ ಹತ್ರ ಕಲೀಬೇಕು ಅನ್ನಿಸ್ತಿದೆ."

ಆಕೆ ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡು, ಇನ್ನೂ ಇಪ್ಪತ್ತು ಮನೆ ಬಾಕಿ ಇವೆ ಮೇಡಂ ಎಂದು ಹೊರಟರು.

ಒಂದು ವರ್ಷದ ಕೆಂಗೇರಿಯ ಫಾರಂಗಳನ್ನೂ ಬಸವೇಶ್ವರನಗರದ ಕಡೆಯ ಫಾರಂಗಳನ್ನೂ ಬದಿಗಿಟ್ಟೆವು. ಅದು ಸುಲಭದ ನಿರ್ಧಾರವಾಗಿರಲಿಲ್ಲ. ಒಬ್ಬ ಸಹಾಯಕ ತಾನಾಗಿ ಕೆಲಸ ಬಿಟ್ಟು ಹೋದ. ಇನ್ನೊಬ್ಬರು, ಕೆಂಗೇರಿಯವರು, ಐವತ್ತು ದಾಟಿದವರು, ಮಂಡಿ ನೋವಿನಿಂದ ಮನೆಮನೆ ಸುತ್ತಲಾಗದೆ ಅಂದಾಜಿನಲ್ಲಿ ತುಂಬಿದೆ ಎಂದು ಒಪ್ಪಿಕೊಂಡರು. ಅವರನ್ನು ತೆಗೆದುಹಾಕಬೇಕೆಂದು ವೆಂಕಟರಮಣಪ್ಪನವರು ಹಟ ಹಿಡಿದರು. ಜಯದೇವಮ್ಮ ಅಡ್ಡ ಬಂದರು. ಅವರಿಗೆ ನಲವತ್ತೇ ಮನೆ ಕೊಡಿ, ಹತ್ತಿರ ಹತ್ತಿರದವು. ಉಳಿದದ್ದಕ್ಕೆ ಹೊಸಬರನ್ನು ತೆಗೆದುಕೊಳ್ಳಿ, ಎಲ್ಲರಿಗೂ ನಾನು ಹೇಳಿಕೊಡುತ್ತೇನೆ ಎಂದರು. ಹೇಳಿಕೊಟ್ಟರು ಕೂಡ. ಒಂದೂವರೆ ತಿಂಗಳು ಬಿ.ಟಿ.ಎಸ್. ಬಸ್ಸಿನಲ್ಲಿ ಕೆಂಗೇರಿಗೆ ಓಡಾಡಿದರು. ಆ ಹಿರಿಯರು ಆಮೇಲೆ ನಾಲ್ಕು ವರ್ಷ ಒಂದು ವಾರವೂ ತಪ್ಪಿಸಲಿಲ್ಲ.

ಎರಡನೆಯ ವರ್ಷದ ಕೊನೆಗೆ ಮೂರೂ ಕಡೆಯ ಅಂಕಿಗಳು ಹತ್ತಿರ ಬಂದವು: ಐದು, ನಾಲ್ಕೂವರೆ, ಐದೂಕಾಲು. ಆ ಪಟ್ಟಿಯನ್ನು ವೆಂಕಟರಮಣಪ್ಪನವರೇ ಜಯದೇವಮ್ಮನ ಮೇಜಿಗೆ ತೆಗೆದುಕೊಂಡು ಹೋಗಿ ಇಟ್ಟರು. ಕ್ಷಮೆ ಕೇಳುವ ಅಭ್ಯಾಸ ಅವರಿಗಿರಲಿಲ್ಲ. ಆವತ್ತಿನಿಂದ 'ಏನಮ್ಮಾ' ಹೋಗಿ 'ಜಯದೇವಮ್ಮನೋರೇ' ಆಯಿತು.

ಡಾಕ್ಟರ ಪ್ರಶ್ನೆಗೂ ಉತ್ತರ ಸಿಕ್ಕಿತು. ಆರು ವಾರದೊಳಗೆ ಎರಡು ಸಲ ಭೇದಿಯಾದ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ನಾಲ್ಕು ತಿಂಗಳಾದರೂ ಕಳೆದುಕೊಂಡ ತೂಕ ಗಳಿಸಿರಲಿಲ್ಲ. ಒಂದೊಂದು ಮಗುವಿನ ಗ್ರಾಫ್ ಹಾಕಿದವನು ನಾನು. ಗೆರೆ ಏರುವುದು, ಜಾರುವುದು, ಏರುವ ಮುಂಚೆ ಮತ್ತೆ ಜಾರುವುದು. ಹಲ್ಲಿನ ಭೇದಿ ಎಂದು ತಾಯಂದಿರು ಲೆಕ್ಕಕ್ಕೆ ಇಡದಿದ್ದುದೇ ಅಲ್ಲೆಲ್ಲ ಕಾಣುತ್ತಿತ್ತು. ತೂಕ ಬರೆಯುವುದರಲ್ಲಿ ನೂರು ಗ್ರಾಂ ಆಚೀಚೆಯಾಗಿದ್ದರೂ ಆ ಇಳಿತ ಕಾಣಿಸುತ್ತಿರಲಿಲ್ಲ.

೧೯೭೬ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ಬೇರೆ ಬೇರೆ ರಾಜ್ಯಗಳ ಡಾಕ್ಟರುಗಳು, ಪ್ರೊಫೆಸರುಗಳು ಬಂದಿದ್ದರು. ಸತ್ಯವತಿಯವರು ಪ್ರಬಂಧ ಓದಿದರು. ಜಯದೇವಮ್ಮನನ್ನೂ ನನ್ನನ್ನೂ ಮುಂದಿನ ಸಾಲಿನಲ್ಲೇ ಕೂರಿಸಿದ್ದರು. ಓದಿ ಮುಗಿದ ಮೇಲೆ ಹಿಂದಿನಿಂದ ಒಬ್ಬ ಹಿರಿಯ ಪ್ರೊಫೆಸರ್ ಎದ್ದು ಇಂಗ್ಲಿಷಿನಲ್ಲಿ ಕೇಳಿದರು: ತಾಯಂದಿರ ನೆನಪನ್ನು ಎಷ್ಟು ದಿನದವರೆಗೆ ನಂಬಬಹುದು? ಸತ್ಯವತಿಯವರು, ಇದಕ್ಕೆ ಉತ್ತರ ಕಂಡುಹಿಡಿದವರು ಇಲ್ಲೇ ಇದ್ದಾರೆ ಎಂದು ಹೇಳಿ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿದರು.

ಜಯದೇವಮ್ಮ ಎದ್ದರು.

"ನಾಕು ದಿನದ್ದು ನಂಬಬೌದ್ರಿ. ಐದನೇ ದಿನದಿಂದ ಮರೀತಾರೆ. ಏಳನೇ ದಿನದ್ದು ಕೇಳಿದ್ರೆ, ಇವ್ರಿಗೆ ಬೇಜಾರಾಗಬಾರ್ದು ಅಂತ ನಮಗೆ ಬೇಕಾದ ಉತ್ತರ ಕೊಡ್ತಾರೆ."

ಸತ್ಯವತಿಯವರು ಅದನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ, ಎಷ್ಟು ತಾಯಂದಿರನ್ನು ನೋಡಿ ಹೇಳುತ್ತಿದ್ದೀರಿ ಎಂದು ಪ್ರೊಫೆಸರ್ ಮತ್ತೆ ಕೇಳಿದರು. ನೂರಾ ಎಂಟು ತಾಯಂದಿರು, ಎರಡು ವರ್ಷ, ವಾರಕ್ಕೆ ಎರಡು ಸಲ ಎಂದರು ಜಯದೇವಮ್ಮ, ನೋಟ್‌ಬುಕ್ ತೆರೆಯದೆಯೇ. ಆ ಹಿರಿಯರು ಜೇಬಿನಿಂದ ಪೆನ್ನು ತೆಗೆದು ಬರೆದುಕೊಳ್ಳುವುದನ್ನು ನಾನು ಕುತ್ತಿಗೆ ಹೊರಳಿಸಿ ನೋಡಿದೆ. ಅವರ ಅಕ್ಕಪಕ್ಕದವರೂ ಬರೆದುಕೊಂಡರು.

ಮರುವರ್ಷ ಪ್ರಬಂಧ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಜಯದೇವಮ್ಮನದ್ದೂ ಸೇರಿ ನಾಲ್ಕು ಹೆಸರುಗಳಿದ್ದವು. ಎಸ್ಸೆಸ್ಸೆಲ್ಸಿಯವರ ಹೆಸರು ಹೇಗೆ ಹಾಕುವುದು ಎಂದು ಮೇಲಿನವರೊಬ್ಬರು ಕೇಳಿದಾಗ, ಅಂಕಿ ಅವರದ್ದು, ಅವರ ಹೆಸರಿಲ್ಲದಿದ್ದರೆ ನನ್ನದೂ ಬೇಡ ಎಂದು ಸತ್ಯವತಿಯವರು ಬರೆದು ಕಳಿಸಿದ್ದರು. ಪಂಚಾಕ್ಷರಿಯವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಹೆಂಡತಿಯ ಹೆಸರು ಎಲ್ಲಿದೆ ಎಂದು ಕೇಳಿ ತಿಳಿದುಕೊಂಡು, ಪತ್ರಿಕೆಗೆ ಕಂದು ಕಾಗದದ ಹೊದಿಕೆ ಹಾಕಿ, ಬೆಳಗಿನ ಪಾಳಿಗೆ ಕಾರ್ಖಾನೆಗೆ ಒಯ್ದರು. ಎಣ್ಣೆ ಕೈ ತೊಳೆದುಕೊಂಡು ಬಂದವರಿಗೆ ಮಾತ್ರ ಮುಟ್ಟಲು ಕೊಟ್ಟರಂತೆ.

ಅಧ್ಯಯನ ೧೯೭೯ರಲ್ಲಿ ಮುಗಿಯಿತು. ಕ್ಷೇತ್ರ ಸಹಾಯಕರಿಗೆ ತರಬೇತಿ ಕೊಡಲು ಕೆಂಗೇರಿ ಉಪನಗರದಲ್ಲಿ ಒಂದು ಸಣ್ಣ ಶಾಲೆ ತೆರೆದಾಗ ಅದರ ಹೊಣೆ ಜಯದೇವಮ್ಮನಿಗೆ ಬಂತು. ಮೊದಲ ತಂಡದಲ್ಲಿ ಹನ್ನೊಂದು ಜನ, ಅವರಲ್ಲಿ ನಾಲ್ವರು ಪದವೀಧರರು. ಫಾರಂ ತುಂಬುವುದನ್ನು ಕಲಿಯಲು ಅವರೆಲ್ಲ ಪೆನ್ನು ಹಿಡಿದು ಬಂದಿದ್ದರು. ಆಕೆ ಪೆನ್ನುಗಳನ್ನೆಲ್ಲ ಒಳಗಿಡಿಸಿ, ಒಬ್ಬೊಬ್ಬರನ್ನು ಒಂದೊಂದು ಮನೆಗೆ ಕಳಿಸಿದರು. ಒಂದು ವಾರ ಏನನ್ನೂ ಕೇಳಬಾರದು, ಬರೆಯಬಾರದು; ಆ ಮನೆಯ ತಾಯಿ ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾಳೋ ಸುಮ್ಮನೆ ಕೂತು ನೋಡಿ ಬರಬೇಕು ಎಂದರು. ಪದವೀಧರರು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟರು.